ಅಕ್ಷರ ತೊಡರಿದರೂ ಹೆಜ್ಜೆ ತಪ್ಪಲಿಲ್ಲ

ನ್ಯೂಯಾರ್ಕ್ ನಗರದ ‘ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್’ ಸಾಮಾನ್ಯ ಶಾಲೆಯಲ್ಲ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಅಲ್ಲಿ ಸ್ಥಾನ. 1979ರಲ್ಲಿ ಅಬ್ದುಸ್ ಸಲಾಂ ಅವರೊಂದಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಶೆಲ್ಡನ್ ಗ್ಲಾಶೋ ಮತ್ತು ಸ್ಟೀವನ್ ವೈನ್‌ಬರ್ಗ್ ಇಬ್ಬರೂ ಈ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಇಂಥ ಶಾಲೆಗೆ ಕೆಲವು ವರ್ಷಗಳ ಹಿಂದೆ ಬೆನ್ ಪರ್ಕಿನ್ಸ್ ಎಂಬ ಹೊಸ ವಿದ್ಯಾರ್ಥಿ ಬಂದು ಸೇರಿದ. ನಿಜ ಸಂಗತಿ ಗೊತ್ತಿಲ್ಲದ ಮೇಷ್ಟ್ರುಗಳು ಅವನನ್ನೂ ಎಬ್ಬಿಸಿ ತರಗತಿಯ ಮುಂದೆ ನಿಲ್ಲಿಸಿ, ಸಮೀಕರಣ ಬಿಡಿಸು ಎಂದರು. ಹುಡುಗ ಪಿಳಿಪಿಳಿ ಕಣ್ಣು ಬಿಟ್ಟ.

ಅವನ ನಿಜವಾದ ಹೆಸರು ಟಾಮ್ ಹಾಲೆಂಡ್. ಇಂಗ್ಲೆಂಡಿನವನು. ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಚಿತ್ರದಲ್ಲಿ ಅಮೆರಿಕದ ಪ್ರೌಢಶಾಲಾ ಹುಡುಗನಾಗಿ ನಟಿಸಬೇಕಾಗಿದ್ದರಿಂದ, ಅಲ್ಲಿಯ ಮಕ್ಕಳ ಮಾತು, ನಡಿಗೆ, ಹರಟೆಗಳನ್ನು ಕಣ್ಣಾರೆ ಕಾಣಲು ವೇಷ ಮರೆಸಿಕೊಂಡು ಕೆಲವು ದಿನ ತರಗತಿಯಲ್ಲಿ ಕುಳಿತಿದ್ದ. ನಾನೇ ಸ್ಪೈಡರ್‌ಮ್ಯಾನ್ ಎಂದು ಗುಟ್ಟು ಬಿಟ್ಟುಕೊಟ್ಟಾಗಲೂ ಸಹಪಾಠಿಗಳು ನಂಬಲಿಲ್ಲವಂತೆ! ತೆರೆಯ ಮೇಲೆ ಪೀಟರ್ ಪಾರ್ಕರ್ ಎಂಬ ವಿಜ್ಞಾನದ ಹುಲಿ. ತೆರೆಯ ಹಿಂದೆ ಸಮೀಕರಣ ಕಂಡರೆ ತಡವರಿಸುವ ಹುಡುಗ. ಈ ಪ್ರಸಂಗವನ್ನು ಟಾಮ್ ಸಂದರ್ಶನಗಳಲ್ಲಿ ನಗುನಗುತ್ತಲೇ ಹೇಳಿಕೊಂಡಿದ್ದಾನೆ. ಶಾಲೆಯಲ್ಲಿ ತಡವರಿಸುವುದು ಅವನಿಗೆ ಹೊಸದೇನೂ ಆಗಿರಲಿಲ್ಲ.

ಏಳನೇ ವಯಸ್ಸಿನ ಸುದ್ದಿ

ಟಾಮ್ ಹಾಲೆಂಡ್ ಹುಟ್ಟಿದ್ದು 1996ರ ಜೂನ್ 1ರಂದು, ಲಂಡನ್ನಿನ ಅಂಚಿನಲ್ಲಿರುವ ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ನಲ್ಲಿ. ತಾಯಿ ನಿಕ್ಕಿ ಛಾಯಾಗ್ರಾಹಕಿ. ತಂದೆ ಡೊಮಿನಿಕ್ ಹಾಲೆಂಡ್ ವೇದಿಕೆಯ ಮೇಲೆ ಒಬ್ಬರೇ ನಿಂತು ಜನರನ್ನು ನಗಿಸುವ ಹಾಸ್ಯಗಾರ, ಜೊತೆಗೆ ಲೇಖಕ. ಟಾಮ್‌ನ ಬೆನ್ನಿಗೆ ಮೂವರು ತಮ್ಮಂದಿರು: ಅವಳಿಗಳಾದ ಸ್ಯಾಮ್ ಮತ್ತು ಹ್ಯಾರಿ, ಕೊನೆಯವನು ಪ್ಯಾಡಿ. ನಾಲ್ಕು ಗಂಡುಮಕ್ಕಳ ಮನೆಯ ಗದ್ದಲ ಹೇಗಿದ್ದೀತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಟಾಮ್‌ಗೆ ಏಳು ವರ್ಷವಾದಾಗ ಒಂದು ಸಂಗತಿ ಖಚಿತವಾಯಿತು. ಅವನಿಗೆ ಡಿಸ್ಲೆಕ್ಸಿಯಾ ಇತ್ತು.

ಏನಿದು ಡಿಸ್ಲೆಕ್ಸಿಯಾ? ಓದುವುದು ನಮಗೆಲ್ಲ ನೀರು ಕುಡಿದಷ್ಟು ಸುಲಭವೆಂದು ತೋರುತ್ತದೆ. ನಿಜಕ್ಕೂ ಅದು ಮಿದುಳು ಮಾಡುವ ದೊಡ್ಡ ಕೆಲಸ. ಕಣ್ಣು ಕಂಡ ಆಕಾರಕ್ಕೆ ಕಿವಿ ಬಲ್ಲ ಧ್ವನಿಯನ್ನು ಜೋಡಿಸಬೇಕು. ಧ್ವನಿಗಳನ್ನು ಪೋಣಿಸಿ ಪದವಾಗಿಸಬೇಕು. ಪದಕ್ಕೆ ಅರ್ಥ ಹಚ್ಚಬೇಕು. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಕೆಲವು ಮಕ್ಕಳಲ್ಲಿ ಆಕಾರ ಮತ್ತು ಧ್ವನಿಗಳ ಈ ಜೋಡಣೆ ಸರಾಗವಾಗಿ ಆಗುವುದಿಲ್ಲ. ಅವರು ನಿಧಾನವಾಗಿ ಓದುತ್ತಾರೆ, ಕಾಗುಣಿತ ತಪ್ಪುತ್ತಾರೆ, ನಿನ್ನೆ ಬರೆದ ಪದವನ್ನು ಇಂದು ಬೇರೆ ರೀತಿ ಬರೆಯುತ್ತಾರೆ. ಇದು ಕಣ್ಣಿನ ದೋಷವಲ್ಲ; ಕನ್ನಡಕ ಹಾಕಿದರೆ ಹೋಗುವುದಿಲ್ಲ. ಬುದ್ಧಿಯ ಕೊರತೆಯೂ ಅಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ. ಹಲವು ವೇಳೆ ಇದು ವಂಶದಲ್ಲಿಯೇ ಹರಿದು ಬಂದಿರುತ್ತದೆ.

ಇಂಗ್ಲಿಷ್ ಭಾಷೆ ಇಂಥ ಮಕ್ಕಳಿಗೆ ಇನ್ನಷ್ಟು ಕಠಿಣ. ‘ದೋ’, ‘ಥ್ರೂ’, ‘ಟಫ್’ ಎಂಬ ಮೂರು ಪದಗಳ ಕೊನೆಯಲ್ಲಿ ಬರುವುದು ಓ, ಯು, ಜಿ, ಎಚ್ ಎಂಬ ಅವೇ ನಾಲ್ಕು ಅಕ್ಷರಗಳು. ಉಚ್ಚಾರ ಮಾತ್ರ ಮೂರು ಬಗೆ! ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆ ಎಂಬ ಅನುಕೂಲವಿದೆ. ಆದರೂ ತೊಡಕು ಪೂರ್ತಿ ತಪ್ಪುವುದಿಲ್ಲ. ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘ ಮಾಯವಾಗುವುದು, ಒಂದು ಪುಟ ಓದಲು ಬಹಳ ಹೊತ್ತು ಹಿಡಿಯುವುದು ನಮ್ಮ ಮಕ್ಕಳಲ್ಲೂ ಕಾಣುವ ಲಕ್ಷಣಗಳೇ.

ಸಂಗತಿ ತಿಳಿದ ಮೇಲೆ ಹಾಲೆಂಡ್ ದಂಪತಿ ಮಾಡಿದ್ದು ಸರಳವಾದರೂ ಮುಖ್ಯವಾದ ಕೆಲಸ. ಮಗನಿಗೆ ಹೆಚ್ಚಿನ ಗಮನ ಸಿಗಲೆಂದು ಅವನನ್ನು ವಿಂಬಲ್ಡನ್ನಿನ ಡಾನ್‌ಹೆಡ್ ಎಂಬ ಖಾಸಗಿ ಶಾಲೆಗೆ ಸೇರಿಸಿದರು. ಇದರಿಂದ ಮನೆಯ ಹಣಕಾಸು ಬಿಗಿಯಾಯಿತು. ನಾಲ್ಕು ಮಕ್ಕಳ ಸಂಸಾರ. ಹಾಸ್ಯಗಾರನ ಆದಾಯವೋ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿರುವುದಿಲ್ಲ. ಆದರೂ ಹಿಂಜರಿಯಲಿಲ್ಲ.

ಕುಣಿತದ ಬಾಗಿಲು

ಇದಕ್ಕೆ ಮೊದಲೇ ತಾಯಿ ಇನ್ನೊಂದನ್ನು ಗಮನಿಸಿದ್ದರು. ಜಾನೆಟ್ ಜಾಕ್ಸನ್‌ಳ ಹಾಡು ಹಾಕಿದರೆ ಪುಟ್ಟ ಟಾಮ್ ತಾಳಕ್ಕೆ ತಕ್ಕಂತೆ ಕುಣಿಯುತ್ತಿದ್ದ. ಅಕ್ಷರದ ಮುಂದೆ ತಡೆಯುತ್ತಿದ್ದ ಹುಡುಗ, ಹೆಜ್ಜೆಯ ವಿಷಯದಲ್ಲಿ ಒಮ್ಮೆ ನೋಡಿದ್ದನ್ನು ಹಿಡಿದುಬಿಡುವವನಾದ. ಅವನನ್ನು ವಿಂಬಲ್ಡನ್ನಿನ ‘ನಿಫ್ಟಿ ಫೀಟ್’ ಎಂಬ ನೃತ್ಯಶಾಲೆಗೆ ಸೇರಿಸಲಾಯಿತು. ಅಲ್ಲಿ ಕಲಿತದ್ದು ಹಿಪ್‌ಹಾಪ್ ಕುಣಿತ.

ಗಂಡುಹುಡುಗ ಕುಣಿತ ಕಲಿಯುತ್ತಾನೆಂದರೆ ಇಂಗ್ಲೆಂಡಿನಲ್ಲೂ ಗೇಲಿ ಮಾಡುವವರಿಗೆ ಬರವಿಲ್ಲ. ಶಾಲೆಯಲ್ಲಿ ಹುಡುಗರು ಕಾಡಿದ್ದನ್ನು ಟಾಮ್ ಮರೆಮಾಚಿಲ್ಲ. ಆದರೆ ಕುಣಿತ ಬಿಡಲಿಲ್ಲ.

2006ರಲ್ಲಿ ರಿಚ್‌ಮಂಡ್ ನೃತ್ಯೋತ್ಸವದಲ್ಲಿ ಹತ್ತು ವರ್ಷದ ಈ ಹುಡುಗ ತನ್ನ ತಂಡದೊಂದಿಗೆ ಕುಣಿದ. ನೋಡುತ್ತಿದ್ದವರಲ್ಲಿ ಲಿನ್ ಪೇಜ್ ಎಂಬ ನೃತ್ಯ ಸಂಯೋಜಕಿಯೂ ಇದ್ದರು. ಆಗ ಲಂಡನ್ನಿನ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರದಲ್ಲಿ ‘ಬಿಲ್ಲಿ ಎಲಿಯಟ್’ ಎಂಬ ಸಂಗೀತ ನಾಟಕ ಭರ್ಜರಿಯಾಗಿ ನಡೆಯುತ್ತಿತ್ತು. ಲಿನ್ ಪೇಜ್ ಆ ನಾಟಕದ ನೃತ್ಯ ಸಂಯೋಜಕ ಪೀಟರ್ ಡಾರ್ಲಿಂಗ್ ಅವರ ಸಹಾಯಕಿ. ಹುಡುಗನ ಕಾಲಿನಲ್ಲಿ ಏನೋ ಇದೆ ಎಂದು ಅವರಿಗೆ ಅನಿಸಿತು.

ಎರಡು ವರ್ಷದ ತಾಲೀಮು

‘ಬಿಲ್ಲಿ ಎಲಿಯಟ್’ ಮೊದಲು 2000ದಲ್ಲಿ ಸಿನಿಮಾ ಆಗಿ ಬಂದದ್ದು. 2005ರಲ್ಲಿ ಎಲ್ಟನ್ ಜಾನ್ ಅವರ ಸಂಗೀತದೊಂದಿಗೆ ರಂಗಕ್ಕೇರಿತು. 1984–85ರ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಕಾಲದ ಕಥೆ. ಗಣಿ ಕೆಲಸಗಾರನ ಮಗ ಮುಷ್ಟಿಯುದ್ಧ ಕಲಿಯಲು ಹೋಗಿ, ಪಕ್ಕದಲ್ಲಿ ನಡೆಯುತ್ತಿದ್ದ ಬ್ಯಾಲೆ ತರಗತಿಗೆ ಮನಸೋಲುತ್ತಾನೆ. ಅಪ್ಪನಿಗೆ ಸಿಟ್ಟು, ಊರಿಗೆ ನಗೆಪಾಟಲು. ಕೊನೆಗೆ ಅಪ್ಪನ ಮನಸ್ಸೇ ಕರಗುತ್ತದೆ. ಟಾಮ್‌ನ ಬದುಕಿಗೂ ಈ ಕಥೆಗೂ ಇದ್ದ ಹೋಲಿಕೆ ಯಾರಿಗಾದರೂ ಕಾಣುವಂಥದ್ದು.

ಆದರೆ ಹೋಲಿಕೆ ಇದ್ದ ಮಾತ್ರಕ್ಕೆ ಪಾತ್ರ ಸಿಗುವುದಿಲ್ಲ. ಟಾಮ್ ಎಂಟು ಬಾರಿ ಆಯ್ಕೆ ಪರೀಕ್ಷೆ ಎದುರಿಸಬೇಕಾಯಿತು. ಅವನಿಗೆ ಬ್ಯಾಲೆಯ ಗಂಧವೇ ಇರಲಿಲ್ಲ. ಸುಮಾರು ಎರಡು ವರ್ಷ ಬ್ಯಾಲೆ, ಟ್ಯಾಪ್ ನೃತ್ಯ, ಜಿಮ್ನಾಸ್ಟಿಕ್ಸ್ ಎಂದು ತಾಲೀಮು ನಡೆಯಿತು. 2008ರ ಜೂನ್ 28ರಂದು ಬಿಲ್ಲಿಯ ಗೆಳೆಯ ಮೈಕೆಲ್ ಆಗಿ ಮೊದಲ ಬಾರಿ ರಂಗಕ್ಕೆ ಬಂದ. ಅದೇ ಸೆಪ್ಟೆಂಬರ್ 8ರಂದು ಬಿಲ್ಲಿಯೇ ಆದ. ಮೂರು ಗಂಟೆಯ ನಾಟಕವನ್ನು ಹೆಗಲ ಮೇಲೆ ಹೊರುವಾಗ ವಯಸ್ಸು ಹನ್ನೆರಡು! 2010ರ ಮೇ ತಿಂಗಳವರೆಗೆ ಆ ಪಾತ್ರ ಮಾಡಿದ.

ಇಲ್ಲಿ ಪೋಷಕರು ತಿಳಿಯಬೇಕಾದ ಮಾತೊಂದಿದೆ. ಇಂಗ್ಲೆಂಡಿನಲ್ಲಿ ಶಾಲಾ ವಯಸ್ಸಿನ ಮಕ್ಕಳು ವೃತ್ತಿರಂಗದಲ್ಲಿ ಅಭಿನಯಿಸಬೇಕಾದರೆ ಸ್ಥಳೀಯ ಆಡಳಿತದ ಪರವಾನಗಿ ಬೇಕು. ದುಡಿಯುವ ಹೊತ್ತಿಗೆ ಮಿತಿ ಉಂಟು, ಪಾಠ ತಪ್ಪದಂತೆ ವ್ಯವಸ್ಥೆ ಆಗಬೇಕು. ಅದಕ್ಕಾಗಿಯೇ ಬಿಲ್ಲಿಯ ಪಾತ್ರವನ್ನು ಹಲವು ಹುಡುಗರು ಸರದಿಯಂತೆ ಮಾಡುತ್ತಿದ್ದರು. ಹೀಗಾಗಿ ಚಪ್ಪಾಳೆಯ ನಡುವೆಯೂ ಪಾಠ ನಡೆಯುತ್ತಲೇ ಇತ್ತು. ಮುಂದೆ ಅವನು ಕ್ರಾಯ್ಡನ್ನಿನ ‘ಬ್ರಿಟ್ ಸ್ಕೂಲ್’ ಎಂಬ ಕಲಾಶಾಲೆಗೆ ಸೇರಿದ. ಗಾಯಕಿ ಅಡೆಲ್ ಓದಿದ್ದೂ ಇಲ್ಲಿಯೇ.

ಅಲೆಯ ನಡುವೆ

2004ರ ಡಿಸೆಂಬರ್ 26ರ ಬೆಳಿಗ್ಗೆಯನ್ನು ದಕ್ಷಿಣ ಭಾರತದವರು ಮರೆಯುವಂತಿಲ್ಲ. ಸುಮಾತ್ರಾದ ಬಳಿ ಕಡಲ ತಳದಲ್ಲಿ ಭೂಮಿ ಕಂಪಿಸಿ ಎದ್ದ ಸುನಾಮಿ, ನಾಗಪಟ್ಟಿಣಂನಿಂದ ಅಂಡಮಾನ್‌ವರೆಗೆ, ಶ್ರೀಲಂಕಾದಿಂದ ಥಾಯ್ಲೆಂಡ್‌ವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ನುಂಗಿತು. ಆಳ ಸಮುದ್ರದಲ್ಲಿ ಇಂಥ ಅಲೆ ಜೆಟ್ ವಿಮಾನದ ವೇಗದಲ್ಲಿ ಓಡುತ್ತದೆ. ಆದರೆ ಎತ್ತರ ಕಡಿಮೆಯಾದ್ದರಿಂದ ಹಡಗಿನಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ದಡದ ಬಳಿ ನೀರು ತೆಳುವಾದಾಗ ವೇಗ ಕುಗ್ಗಿ, ಎತ್ತರ ಏರಿ ಗೋಡೆಯಂತೆ ಅಪ್ಪಳಿಸುತ್ತದೆ.

ಅಂದು ಥಾಯ್ಲೆಂಡಿನ ಕಡಲತೀರದಲ್ಲಿ ರಜೆಗೆ ಬಂದಿದ್ದ ಸ್ಪೇನ್ ದೇಶದ ವೈದ್ಯೆ ಮರಿಯಾ ಬೆಲೋನ್, ಅವರ ಪತಿ ಮತ್ತು ಮೂವರು ಗಂಡುಮಕ್ಕಳು ಅಲೆಗೆ ಸಿಕ್ಕಿ ಚದುರಿಹೋಗಿ, ಕೊನೆಗೆ ಐವರೂ ಬದುಕುಳಿದರು. ಈ ನೈಜ ಘಟನೆಯನ್ನು ಆಧರಿಸಿ ನಿರ್ದೇಶಕ ಜೆ. ಎ. ಬಯೋನ 2012ರಲ್ಲಿ ತೆರೆಗೆ ತಂದ ಚಿತ್ರ ‘ದಿ ಇಂಪಾಸಿಬಲ್’. ಗಾಯಗೊಂಡ ತಾಯಿಯನ್ನು ಕಾಯುವ ಹಿರಿಯ ಮಗ ಲೂಕಾಸ್‌ನ ಪಾತ್ರ ಟಾಮ್‌ಗೆ ದೊರೆಯಿತು. ಕ್ಯಾಮೆರಾದ ಮುಂದೆ ಅದೇ ಅವನ ಮೊದಲ ದೊಡ್ಡ ಪಾತ್ರ. ಚಿತ್ರೀಕರಣ ನಡೆದಾಗ ಇನ್ನೂ ಹದಿನಾಲ್ಕರ ಆಸುಪಾಸು.

ಸ್ಪೇನಿನಲ್ಲಿ ಕಟ್ಟಿದ ಬೃಹತ್ ನೀರಿನ ತೊಟ್ಟಿಯಲ್ಲಿ, ಕೆಸರುಬಣ್ಣದ ಪ್ರವಾಹದಲ್ಲಿ, ತಾಯಿಯ ಪಾತ್ರ ಮಾಡಿದ ನವೋಮಿ ವಾಟ್ಸ್ ಜೊತೆ ದಿನಗಟ್ಟಲೆ ತೇಲಬೇಕಾಯಿತು. ಜಿಮ್ನಾಸ್ಟಿಕ್ಸ್ ತಾಲೀಮಿನಲ್ಲಿ ಗಟ್ಟಿಯಾಗಿದ್ದ ಮೈ ಇಲ್ಲಿ ಕೈಹಿಡಿಯಿತು. ಆದರೆ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದದ್ದು ಈಜಲ್ಲ. ಆಸ್ಪತ್ರೆಯಲ್ಲಿ ಕಳೆದುಹೋದವರ ಹೆಸರು ಕೂಗುತ್ತ, ಬೇರೆಯವರ ಮನೆಮಂದಿಯನ್ನು ಹುಡುಕಿಕೊಡಲು ಓಡಾಡುವ ಹುಡುಗನ ಮುಖ. ಸ್ಪೇನಿನ ಪ್ರತಿಷ್ಠಿತ ಗೋಯಾ ಪ್ರಶಸ್ತಿಗೆ ಹೊಸ ನಟರ ವಿಭಾಗದಲ್ಲಿ ಅವನ ಹೆಸರು ಸೂಚಿತವಾಯಿತು.

ಗರಗಸ ಹಿಡಿದ ಕೈ

ಇಷ್ಟಾದ ಮೇಲೆ ದಾರಿ ಹೂವಿನ ಹಾಸಿಗೆಯಾಯಿತೆ? ಇಲ್ಲ. ಚಿತ್ರರಂಗದಲ್ಲಿ ಬಾಲನಟರಿಗೆ ಒಂದು ಕಷ್ಟದ ಕಾಲ ಬರುತ್ತದೆ. ಮುಖದ ಮಗುತನ ಮಾಸಿರುತ್ತದೆ, ಗಂಡಸಿನ ಕಳೆ ಬಂದಿರುವುದಿಲ್ಲ. ಟಾಮ್‌ಗೂ ಆ ಬಿಸಿ ತಟ್ಟಿತು. ಹೋದಲ್ಲೆಲ್ಲ ‘ಆಗುವುದಿಲ್ಲ’ ಎಂಬ ಉತ್ತರವೇ ಹೆಚ್ಚಾಯಿತು.

ಆಗ ತಾಯಿ ನಿಕ್ಕಿ ಮಾಡಿದ ಕೆಲಸ ಗಮನಾರ್ಹ. ನಟನೆಯನ್ನೇ ನಂಬಿ ಕೂರುವುದು ಬೇಡ, ಕೈಯಲ್ಲಿ ಇನ್ನೊಂದು ವಿದ್ಯೆ ಇರಲಿ ಎಂದು ಮಗನನ್ನು ವೇಲ್ಸ್‌ನ ಕಾರ್ಡಿಫ್ ನಗರದ ಮರಗೆಲಸ ಶಾಲೆಗೆ ಕಳಿಸಿದರು. ಆರು ವಾರ ಗರಗಸ, ಉಳಿ ಹಿಡಿದು ಬಡಗಿ ಕೆಲಸ ಕಲಿತ. ಲಂಡನ್ನಿನ ದೊಡ್ಡ ರಂಗಮಂದಿರದಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಹುಡುಗನಿಗೆ ಇದು ಅವಮಾನವೆನಿಸಬಹುದಿತ್ತು. ಟಾಮ್‌ಗೆ ಹಾಗೆನಿಸಲಿಲ್ಲ. ಮರಗೆಲಸ ತನಗೆ ಇಂದಿಗೂ ಇಷ್ಟವೆಂದು ಅವನು ಹೇಳುತ್ತಾನೆ. ಅಳತೆ ತಪ್ಪದೆ ಕೊಯ್ಯುವ, ಸಂದು ಬಿಡದಂತೆ ಕೂಡಿಸುವ ಕೆಲಸದಲ್ಲಿ ಓದಿನ ತೊಡಕು ಅಡ್ಡ ಬರುವುದಿಲ್ಲವಷ್ಟೆ.

ಈ ನಡುವೆ ಸಣ್ಣಪುಟ್ಟ ಅವಕಾಶಗಳೂ ಬಂದವು. 2015ರಲ್ಲಿ ಬಿಬಿಸಿಯ ‘ವುಲ್ಫ್ ಹಾಲ್’ ಧಾರಾವಾಹಿಯಲ್ಲಿ ಥಾಮಸ್ ಕ್ರಾಮ್‌ವೆಲ್‌ನ ಮಗನಾದ. ಅದೇ ವರ್ಷ ರಾನ್ ಹೋವರ್ಡ್ ನಿರ್ದೇಶನದ ‘ಇನ್ ದಿ ಹಾರ್ಟ್ ಆಫ್ ದಿ ಸೀ’ ಚಿತ್ರದಲ್ಲಿ, 1820ರಲ್ಲಿ ತಿಮಿಂಗಿಲದ ಹೊಡೆತಕ್ಕೆ ಮುಳುಗಿದ ‘ಎಸೆಕ್ಸ್’ ಹಡಗಿನ ಕಿರಿಯ ನಾವಿಕ ಥಾಮಸ್ ನಿಕರ್ಸನ್ ಆಗಿ ನಟಿಸಿದ. ಹಸಿದ ನಾವಿಕರಂತೆ ಕಾಣಲು ನಟರೆಲ್ಲ ಊಟ ಕಡಿಮೆ ಮಾಡಿ ಮೈ ಇಳಿಸಬೇಕಾಗಿತ್ತು.

ಜೇಡನ ವೇಷ

ಹೊಸ ಸ್ಪೈಡರ್‌ಮ್ಯಾನ್‌ಗಾಗಿ ಹುಡುಕಾಟ ನಡೆದದ್ದು ಈ ಹೊತ್ತಿನಲ್ಲೇ. ತಿಂಗಳುಗಟ್ಟಲೆ ಪರೀಕ್ಷೆಯ ಮೇಲೆ ಪರೀಕ್ಷೆ. ಟಾಮ್ ಮನೆಯಲ್ಲೇ ಅಭಿನಯ ಚಿತ್ರಿಸಿ ಕಳುಹಿಸುತ್ತಿದ್ದ. ಜೊತೆಗೆ ತಾನು ಹಿಂದಕ್ಕೆ ಲಾಗ ಹಾಕುವುದನ್ನೂ ಸೇರಿಸುತ್ತಿದ್ದ. ಬಿಲ್ಲಿಗಾಗಿ ಕಲಿತ ಲಾಗ ಜೇಡನಿಗೆ ಒದಗಿತು! ಕೊನೆಯ ಸುತ್ತುಗಳಲ್ಲಿ ರಾಬರ್ಟ್ ಡೌನಿ ಜೂನಿಯರ್ ಅವರಂಥ ಘಟಾನುಘಟಿಗಳ ಎದುರು ನಿಂತು ನಟಿಸಬೇಕಾಯಿತು.

ಫಲಿತಾಂಶ ಹೊರಬಿದ್ದದ್ದು 2015ರ ಜೂನ್ 23ರಂದು. ಯಾರೂ ದೂರವಾಣಿ ಮಾಡಿ ತಿಳಿಸಿರಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸಂಸ್ಥೆಯ ಪ್ರಕಟಣೆ ಓದಿಯೇ ಟಾಮ್‌ಗೆ ಗೊತ್ತಾಯಿತು. ಅವನು ಕೂಗಾಡುತ್ತಿದ್ದರೆ ತಮ್ಮ ಹ್ಯಾರಿ ನಂಬಲೇ ಇಲ್ಲ. ಯಾರೋ ಕಿಡಿಗೇಡಿಗಳ ಕೆಲಸವಿರಬೇಕೆಂದ. ಏಕೆಂದರೆ ಹಿಂದಿನ ವರ್ಷವಷ್ಟೇ ಸೋನಿ ಸಂಸ್ಥೆಯ ಕಂಪ್ಯೂಟರುಗಳಿಗೆ ಕನ್ನ ಬಿದ್ದಿತ್ತು. ಆಮೇಲೆ ದೂರವಾಣಿ ಬಂತು. ಸುದ್ದಿ ನಿಜ. ಹತ್ತೊಂಬತ್ತರ ಹುಡುಗ ಸ್ಪೈಡರ್‌ಮ್ಯಾನ್ ಆಗಿದ್ದ.

2016ರಲ್ಲಿ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಚಿತ್ರದಲ್ಲಿ ಅವನ ಜೇಡ ಮೊದಲು ಕಾಣಿಸಿತು. ‘ಹೋಮ್‌ಕಮಿಂಗ್’ 2017ರಲ್ಲಿ, ‘ಫಾರ್ ಫ್ರಂ ಹೋಮ್’ 2019ರಲ್ಲಿ ಬಂದವು. 2021ರ ಡಿಸೆಂಬರ್‌ನಲ್ಲಿ ಬಂದ ‘ನೋ ವೇ ಹೋಮ್’ ಜಗತ್ತಿನಾದ್ಯಂತ 190 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2017ರಲ್ಲಿ ಸಾರ್ವಜನಿಕರ ಮತದಿಂದ ನಿರ್ಧಾರವಾಗುವ ಬಾಫ್ಟಾ ‘ಉದಯೋನ್ಮುಖ ತಾರೆ’ ಪ್ರಶಸ್ತಿಯೂ ಅವನದಾಯಿತು.

ಇತ್ತ ತಂದೆ ಡೊಮಿನಿಕ್ ಅವರದು ಬೇರೆಯೇ ಕಥೆ. 1993ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಅತ್ಯುತ್ತಮ ಹೊಸ ಹಾಸ್ಯಗಾರನೆಂಬ ಪ್ರಶಸ್ತಿ ಪಡೆದ ಅವರಿಗೆ ಚಿತ್ರರಂಗದಲ್ಲಿ ಬೆಳಗುವ ಆಸೆಯಿತ್ತು. ಅದು ಕೈಗೂಡಲಿಲ್ಲ, ಮಗನಿಗೆ ತಾನಾಗಿ ಒಲಿಯಿತು. ಇದನ್ನೇ ವಸ್ತುವಾಗಿಸಿಕೊಂಡು ‘ಎಕ್ಲಿಪ್ಸ್ಡ್’ ಎಂಬ ನಗೆಪುಸ್ತಕ ಬರೆದರು. ‘ಗ್ರಹಣ ಹಿಡಿದವನು’ ಎಂದರ್ಥ. ಸೂರ್ಯನಿಗಿಂತ ಎಷ್ಟೋ ಚಿಕ್ಕವನಾದ ಚಂದ್ರ, ಹತ್ತಿರ ಇರುವುದರಿಂದಲೇ ಸೂರ್ಯನನ್ನು ಮರೆಮಾಡಬಲ್ಲ. ಮಗನ ನೆರಳಿನಲ್ಲಿ ನಿಂತು ನಗಬಲ್ಲ ತಂದೆಯರು ವಿರಳ.

ಹೆಸರಿನ ಭಾರ

ಹೆಸರು ಬಂದರೆ ಅದರ ಹಿಂದೆ ಭಾರವೂ ಬರುತ್ತದೆ. 2022ರ ಜನವರಿಯಲ್ಲಿ ಟಾಮ್ ಒಂದು ತಿಂಗಳು ಮದ್ಯ ಮುಟ್ಟುವುದಿಲ್ಲವೆಂದು ನಿರ್ಧರಿಸಿದ. ಆ ತಿಂಗಳಿಡೀ ತನ್ನ ಯೋಚನೆಯೆಲ್ಲ ಮದ್ಯದ ಸುತ್ತಲೇ ತಿರುಗುತ್ತಿದೆ ಎಂದು ಕಂಡು ಅವನಿಗೇ ಹೆದರಿಕೆಯಾಯಿತು. ಒಂದು ತಿಂಗಳು ಎರಡಾಯಿತು, ಎರಡು ಆರಾಯಿತು. ಕೊನೆಗೆ ಪೂರ್ತಿಯಾಗಿ ಬಿಟ್ಟ. 2023ರಲ್ಲಿ ಜೇ ಶೆಟ್ಟಿ ಅವರೊಂದಿಗಿನ ಸಂದರ್ಶನದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ.

2022ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ, ಟ್ವಿಟರ್‌ಗಳಿಂದಲೂ ದೂರ ಸರಿದ. ತನ್ನ ಬಗ್ಗೆ ಜನ ಬರೆದದ್ದನ್ನು ಓದುತ್ತ ಕುಳಿತರೆ ಮನಸ್ಸು ಕೆಡುತ್ತದೆ ಎಂಬುದು ಅವನು ಕೊಟ್ಟ ಕಾರಣ. ಹದಿಹರೆಯದವರ ಮನಸ್ಸಿನ ಆರೋಗ್ಯಕ್ಕಾಗಿ ದುಡಿಯುವ ‘ಸ್ಟೆಮ್4’ ಸಂಸ್ಥೆಯ ಕಡೆಗೆ ಆಗ ಜನರ ಗಮನ ಸೆಳೆದ. ಕೋಟ್ಯಂತರ ಅಭಿಮಾನಿಗಳುಳ್ಳ ನಟನಿಗೇ ಹೀಗಾದರೆ, ರಾತ್ರಿಯಿಡೀ ಮೊಬೈಲ್ ಬೆರಳಾಡಿಸುವ ಹೈಸ್ಕೂಲು ಮಕ್ಕಳ ಪಾಡೇನು?

‘ದಿ ಕ್ರೌಡೆಡ್ ರೂಮ್’ ಧಾರಾವಾಹಿಯಲ್ಲಿ ಛಿದ್ರಗೊಂಡ ಮನಸ್ಸಿನ ಯುವಕನ ಪಾತ್ರ ಮಾಡಿ ದಣಿದ ಮೇಲೆ ಒಂದು ವರ್ಷ ವಿಶ್ರಾಂತಿ ಪಡೆದ. ಮತ್ತೆ ಮರಳಿದ್ದು ಹಳೆಯ ಮನೆಗೇ. 2024ರಲ್ಲಿ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ರೋಮಿಯೋ ಆದ. ಡಿಸ್ಲೆಕ್ಸಿಯಾ ಇರುವವನು ನಾಲ್ಕು ಶತಮಾನ ಹಳೆಯ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿ ರಾತ್ರಿ ರಾತ್ರಿ ಹೇಳುವುದೆಂದರೆ ಸಣ್ಣ ಮಾತಲ್ಲ. 2025ರಲ್ಲಿ ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ದಿ ಒಡಿಸ್ಸಿ’ ಚಿತ್ರಕ್ಕಾಗಿ ಗ್ರೀಕ್ ವೀರ ಒಡಿಸ್ಸಿಯಸ್‌ನ ಮಗ ಟೆಲಿಮೇಕಸ್ ಆಗಿ ಬಣ್ಣ ಹಚ್ಚಿದ. ತನಗೆ ಓದಿನ ತೊಡಕಿನ ಜೊತೆಗೆ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ತೊಂದರೆಯೂ ಇದೆಯೆಂದು ಅದೇ ವರ್ಷ ಬಹಿರಂಗವಾಗಿ ತಿಳಿಸಿದ.

ನಮ್ಮ ಮನೆಯ ಮಕ್ಕಳು

ಓದಿನ ತೊಡಕಿರುವ ಮಕ್ಕಳಿಗೆ ಟಾಮ್ ಹೇಳುವ ಬುದ್ಧಿಮಾತು ಒಂದೇ: ಅವಸರ ಬೇಡ, ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಪರೀಕ್ಷೆಗಳಲ್ಲಿ ಇಂಥ ಮಕ್ಕಳಿಗೆ ನಿಜಕ್ಕೂ ಬೇಕಾದದ್ದು ಇದೇ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕೆಯ ಈ ತೊಡಕುಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ತಜ್ಞರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷಿಸುವ ತಜ್ಞರಿದ್ದಾರೆ.

ತೊಡಕಿರುವ ಮಕ್ಕಳೆಲ್ಲ ತಾರೆಗಳಾಗುತ್ತಾರೆ ಎಂದು ಯಾರೂ ಹೇಳಲಾರರು. ಹಾಗೆ ಆಸೆ ಹುಟ್ಟಿಸುವುದೂ ತಪ್ಪು. ಟಾಮ್‌ನ ಕಥೆಯಲ್ಲಿ ಹೆತ್ತವರು ಕಲಿಯಬೇಕಾದ ಭಾಗ ಸ್ಪೈಡರ್‌ಮ್ಯಾನ್ ಆದದ್ದಲ್ಲ, ಅದಕ್ಕೂ ಹಿಂದಿನದು. ಏಳು ವರ್ಷದ ಮಗ ಓದಲು ತಡವರಿಸಿದಾಗ ಆ ಮನೆಯವರು ‘ದಡ್ಡ’ ಎನ್ನುವ ಬದಲು ‘ಏಕೆ’ ಎಂದು ಕೇಳಿದರು. ಅವನ ಕಾಲು ಬಲ್ಲದ್ದನ್ನು ಗುರುತಿಸಿದರು. ಕಾಲು ಸೋತರೆ ಇರಲಿ ಎಂದು ಕೈಗೂ ಒಂದು ವಿದ್ಯೆ ಕೊಟ್ಟರು. ಅವನು ಬಡಗಿಯಾಗಿಯೇ ಉಳಿದಿದ್ದರೂ ಅವರ ಶ್ರಮ ವ್ಯರ್ಥವಾಗುತ್ತಿರಲಿಲ್ಲ.

ಸಂಜೆ ಮಗುವಿನ ಕಾಪಿ ಪುಸ್ತಕ ತೆರೆದಾಗ ಅದೇ ಪದ ಐದನೆಯ ಸಲವೂ ತಪ್ಪಾಗಿದ್ದರೆ, ಬೆತ್ತಕ್ಕೆ ಕೈ ಹಾಕುವ ಮುನ್ನ ಒಂದು ಗಳಿಗೆ ತಡೆಯೋಣ. ತಪ್ಪು ಅಕ್ಷರದ್ದಿರಬಹುದು, ಮಗುವಿನದಲ್ಲ.